ಅಳಿಯನ ಹುದ್ದೆಯಿಂದ ಹಿಂಬಡ್ತಿ ಕೋರಿ

ಇಂದ:
ಸರ್ಫರಾಜ್, ದ್ವಿತೀಯ ದರ್ಜೆ ಸಹಾಯಕ, ಯಲಹಂಕ
(ಹಾಲಿ ಹುದ್ದೆ: ತಮ್ಮ ಅಳಿಯ)

ಗೆ:
ಶ್ರೀಮತಿ ಸುಗ್ರಾ ಬೇಗಂ, ನಿವೃತ್ತ ಕನ್ನಡ ಶಿಕ್ಷಕಿ, ಗಂಗಾನಗರ
(ಹಾಲಿ ವಾಸ: ಮಗ ಜೀಷಾನ್‌ನ ಫ್ಲಾಟ್, ಮಸ್ಕತ್)

ವಿಷಯ: ಅಳಿಯನ ಹುದ್ದೆಯಿಂದ ಮಗನ ಹುದ್ದೆಗೆ ಹಿಂಬಡ್ತಿ ನೀಡುವ ಬಗ್ಗೆ.

ಉಲ್ಲೇಖ: ೧) ತಾವು ಮಗಳು ನಿಶಾತ್‌ಗೆ ಫೋನಿನಲ್ಲಿ ನೀಡಿದ ಮೌಖಿಕ ಆದೇಶ: “ಹೆಬ್ಬಾಳದ ಹತ್ರ ನಮಗೊಂದು ಬಾಡಿಗೆ ರೂಮ್ ನೋಡೋಕೆ ಹೇಳು.”
೨) ಕಳೆದ ರಂಜಾನ್ ಹಬ್ಬ ಕಳೆದ ಮೇಲೆ ಅರ್ಜಿದಾರ ಕೈಗೊಂಡ ಮಸ್ಕತ್ ಪ್ರವಾಸ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರ ಈ ಕೆಳಗಿನ ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತಾನೆ. ಇದನ್ನು ಬಾಯಿಮಾತಿನಲ್ಲಿ ಹೇಳಲು ಹಿಂದೆ ಪ್ರಯತ್ನಿಸಲಾಗಿತ್ತು. ಪ್ರತಿ ಸಲವೂ ತಾವು “ಮೊದ್ಲು ಊಟ ಮಾಡಿ” ಎಂದು ಮಾತು ತಿರುಗಿಸಿದ ಕಾರಣ ಲಿಖಿತ ರೂಪದಲ್ಲಿ ಸಲ್ಲಿಸಲಾಗಿದೆ. ದಖ್ನಿಯಲ್ಲಿ ಆಡಿದ ಮಾತುಗಳನ್ನು ಕಡತದ ಅನುಕೂಲಕ್ಕಾಗಿ ಕನ್ನಡಕ್ಕೆ ಇಳಿಸಿದೆ. ತಾವು ಕನ್ನಡ ಮೇಡಂ ಆದ್ದರಿಂದ ತಪ್ಪುಗಳಿದ್ದಲ್ಲಿ ಮನ್ನಿಸುವುದು.

೧. ಗಂಗಾನಗರದಲ್ಲಿ ಪೀಠೋಪಕರಣಗಳಿಗೆ ಪಾಲಿಷ್ ಮಾಡುವ ಅಂಗಡಿ ನಡೆಸುತ್ತಿದ್ದ ತಮ್ಮ ಯಜಮಾನರಾದ ಅಕ್ಬರ್ ಪಾಷಾ ಸಾಹೇಬರಿಗೆ (ಇನ್ನು ಮುಂದೆ ‘ಅಬ್ಬಾ’) ಪಾರ್ಶ್ವವಾಯು ಹೊಡೆದು ಬಲಭಾಗ ಸ್ವಾಧೀನ ತಪ್ಪಿತು. ಜೀಷಾನ್ ಇಬ್ಬರನ್ನೂ ಮಸ್ಕತ್‌ಗೆ ಕರೆದೊಯ್ದ. ಅವರನ್ನು ನೋಡಿ ಬರಲು, ಸಾಧ್ಯವಾದರೆ ಒಂದಿಷ್ಟು ಕೈಜೋಡಿಸಲು, ಅರ್ಜಿದಾರ ರಜೆ ಹಾಕಿ ಪತ್ನೀಸಮೇತ ಅಲ್ಲಿಗೆ ಹಾಜರಾದ.

೨. ಹಾಜರಾದ ಕೂಡಲೇ ಅವನನ್ನು ಸೋಫಾದ ಮೇಲೆ ಕೂರಿಸಲಾಯಿತು. ಮಸ್ಕತ್ ಹೇಗಿದೆ ಎಂದು ಕಚೇರಿಯಲ್ಲಿ ಈಗಲೂ ಕೇಳುತ್ತಾರೆ. ಬೆಟ್ಟ ಇದೆಯಂತೆ, ಸಮುದ್ರ ಇದೆಯಂತೆ. ಅರ್ಜಿದಾರನು ಅಧಿಕೃತವಾಗಿ ವಿವರಿಸಬಲ್ಲದ್ದು ಸೋಫಾ ಒಂದನ್ನೇ. ಅದು ಕಂದು ಬಣ್ಣದ್ದು, ಎಡಗಡೆ ಸ್ವಲ್ಪ ಕುಸಿದಿದೆ. ಮಜ್ಜೆ ತುಂಬಿದ ನಲ್ಲಿ ಮೂಳೆ ಅವನ ತಟ್ಟೆಗೇ ಬಿತ್ತು, ಬಿರಿಯಾನಿಯ ಮೊದಲ ಸೌಟೂ ಅವನದೇ. ಮದುವೆಯಾಗಿ ಮಗಳು ಜೋಯಾ ಸ್ಕೂಲಿಗೆ ಹೋಗುವಷ್ಟು ದೊಡ್ಡವಳಾಗಿದ್ದರೂ ಆ ಮನೆಯಲ್ಲಿ ಅವನಿನ್ನೂ ‘ದುಲ್ಹಾ’, ಅಂದರೆ ಮದುಮಗ. ಉಪಚಾರ ಗಂಟಲಲ್ಲಿ ಬಿಸಿ ತುಪ್ಪವಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ.

೩. ಲೋಟ ಪ್ರಕರಣ: ತಾನು ಕುಡಿದ ಚಹಾದ ಲೋಟವನ್ನು ಅರ್ಜಿದಾರ ತಾನೇ ತೊಳೆದಿಟ್ಟ. ತಾವು ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. “ದಾಮಾದ್ ಕೈಲಿ ಪಾತ್ರೆ ತೊಳೆಸೋ ಮನೆ ಆಯ್ತಲ್ಲ ಇದು” (ದಾಮಾದ್ ಅಂದರೆ ಅಳಿಯ) ಎಂದು ಜೀಷಾನ್‌ಗೆ ಬೈಗುಳವಾಯಿತು. ಜೀಷಾನ್ ಆ ಹೊತ್ತಿನಲ್ಲಿ ಆಫೀಸಿನಲ್ಲಿದ್ದ. ಬೈಗುಳವನ್ನು ಫೋನಿನಲ್ಲಿ ಸ್ವೀಕರಿಸಿದ.

೪. ಕೂತ ಪ್ರಕರಣ: ಇದು ಮುಖ್ಯವಾದದ್ದು. ಅಳಿಯ ಎದುರಿಗಿರುವಾಗ ಮಾವ ಮಲಗಿರುವುದು ಮರ್ಯಾದೆಯಲ್ಲವೆಂದು ತಾವು ಅಬ್ಬಾರಿಗೆ ಇಸ್ತ್ರಿ ಮಾಡಿದ ಜುಬ್ಬಾ ತೊಡಿಸಿ, ಟೋಪಿ ಹಾಕಿ, ಎರಡೂ ಪಕ್ಕೆಗೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂರಿಸಿದಿರಿ. ಇತ್ತ ಹಿರಿಯರು ಕೂತಿರುವಾಗ ಕಿರಿಯ ಎದ್ದು ಹೋಗಿ ಅಡ್ಡಾಗುವುದು ಮರ್ಯಾದೆಯಲ್ಲವೆಂದು ಅರ್ಜಿದಾರನಿಗೆ ಅವನ ತಾಯಿ ಕಲಿಸಿದ್ದಳು. ಕಾರಣ, ಅವರು ಮಲಗಲೆಂದು ಇವನು ಕಾದ, ಇವನು ಏಳಲೆಂದು ಅವರು ಕಾದರು.

ಅಬ್ಬಾ ತೊದಲುತ್ತಲೇ ಹೆಬ್ಬಾಳದ ಫ್ಲೈಓವರ್ ವಿಚಾರಿಸಿದರು, ಗಂಗಾನಗರದ ಅಂಗಡಿಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಿದರು. ಮಾತು ಮುಗಿಯಿತು. ಆಮೇಲೂ ಇಬ್ಬರೂ ಕೂತರು. ಅವರ ಕಾಲು ಊದುತ್ತಿತ್ತು. ಬಾಯಿಯ ಒಂದು ಬದಿಯಿಂದ ಜೊಲ್ಲು ಇಳಿಯುತ್ತಿತ್ತು, ಎಡಗೈಯಿಂದ ಒರೆಸಿಕೊಳ್ಳಲು ನೋಡಿದರೆ ಗುರಿ ತಪ್ಪುತ್ತಿತ್ತು. ಕರ್ಚೀಫು ಅರ್ಜಿದಾರನ ಜೇಬಿನಲ್ಲಿತ್ತು. ತೆಗೆದು ಒರೆಸಿದರೆ, ಜೊಲ್ಲನ್ನು ಅಳಿಯ ನೋಡಿಬಿಟ್ಟ ಎಂದಾಗುತ್ತದೆ. ಆದ್ದರಿಂದ ಕರ್ಚೀಫು ಜೇಬಿನಲ್ಲೇ ಉಳಿಯಿತು.

ಸಂಜೆ ಜೀಷಾನ್ ಬಂದು, “ಏನಿದು, ಇಬ್ರೂ ಯಾರಿಗೆ ಕಾಯ್ತಿದ್ದೀರಿ?” ಅಂದ.

೫. ಬಾಗಿಲ ಪ್ರಕರಣ: ನಿಶಾತ್ ಔಷಧಿ ತರಲು ಹೋಗಿದ್ದಳು. ತಾವೊಬ್ಬರೇ ಅಬ್ಬಾರನ್ನು ಬಚ್ಚಲಿಗೆ ಕರೆದೊಯ್ದಿರಿ. ಎದ್ದ ಅರ್ಜಿದಾರನಿಗೆ “ನೀವು ಕೂತ್ಕೊಳ್ಳಿ, ನಿಮಗ್ಯಾಕೆ ಇದೆಲ್ಲ” ಎಂದು ದಾಳಿಂಬೆ ಬಿಡಿಸಿದ ತಟ್ಟೆ ಕೊಟ್ಟು, ಒಳಗಿನಿಂದ ಚಿಲಕ ಹಾಕಿಕೊಂಡಿರಿ. ಬಾಗಿಲಾಚೆಯಿಂದ “ಇನ್ನೊಂದ್ಸಲ ರೀ, ಇನ್ನೊಂದೇ ಸಲ, ನನ್ನ ಹೆಗಲು ಹಿಡ್ಕೊಳ್ಳಿ” ಎಂದು ಕೇಳುತ್ತಿತ್ತು. ಏನೋ ಬಿದ್ದ ಸದ್ದೂ ಆಯಿತು. ಅರ್ಜಿದಾರ ತಟ್ಟೆ ಹಿಡಿದು ಬಾಗಿಲ ಮುಂದೆ ನಿಂತಿದ್ದ. ತಾವು ಹೊರಬಂದಾಗ ಬಟ್ಟೆ ಒದ್ದೆಯಾಗಿತ್ತು, ಒಂದು ಕೈ ಸೊಂಟದ ಮೇಲಿತ್ತು. ದುಪಟ್ಟಾ ಸರಿಮಾಡಿಕೊಂಡು, “ತಿಂದೇ ಇಲ್ವಲ್ಲ, ಹುಳಿ ಇದ್ಯಾ?” ಎಂದು ಕೇಳಿದಿರಿ.

ಅರ್ಜಿದಾರನಿಗೆ ಆಗ ಅಳು ಬಂತು. ದಾಳಿಂಬೆ ಸಿಹಿಯಾಗಿಯೇ ಇದೆಯೆಂದು ವರದಿ ಒಪ್ಪಿಸಿದ.

೬. ಈಗ ತಾವು ಅಬ್ಬಾರ ಚಿಕಿತ್ಸೆಗಾಗಿ ಬೆಂಗಳೂರಿಗೆ ಬರುತ್ತಿರುವುದು ಸರಿಯಷ್ಟೆ. ಜೀಷಾನ್‌ಗೆ ರಜೆ ಸಿಕ್ಕಿಲ್ಲ. ಯಲಹಂಕದಲ್ಲಿ ಮಗಳ ಮನೆ ಇರುವಾಗ ಹೆಬ್ಬಾಳದಲ್ಲಿ ಬಾಡಿಗೆ ರೂಮ್ ಏಕೆಂದು ನಿಶಾತ್ ಕೇಳಿದ್ದಕ್ಕೆ, “ದಾಮಾದ್ ಮನೇಲಿ ಒಂದೊತ್ತು ಊಟ ಮಾಡ್ಬೋದು, ತಿಂಗಳಾನುಗಟ್ಟಲೆ ಇರಕ್ಕಾಗುತ್ತಾ? ಜನ ಏನಂತಾರೆ?” ಎಂದಿರಿ. ರೂಮ್ ಬೇಡವಾದರೆ ಸರ್ವೀಸ್ ಅಪಾರ್ಟ್‌ಮೆಂಟ್ ಆದೀತು ಎಂದೂ ಸೇರಿಸಿದಿರಿ. ಇದು ‘ಅಳಿಯ ಅಲ್ಲ, ಮಗಳ ಗಂಡ’ ಅಂದ ಹಾಗಾಯಿತು. ರೂಮಾದರೂ ಅಪಾರ್ಟ್‌ಮೆಂಟಾದರೂ ಅಬ್ಬಾರನ್ನು ಎತ್ತುವವರು ತಾವೊಬ್ಬರೇ. ನಿಶಾತ್ ಫೋನಿಟ್ಟು ಅಡುಗೆಮನೆಯಲ್ಲಿ ಅತ್ತಳು.

೭. ಈ ಬಗ್ಗೆ ಕಚೇರಿಯ ಸೂಪರಿಂಟೆಂಡೆಂಟ್ ದೊಡ್ಡಮುನಿಯಪ್ಪನವರ ಸಲಹೆ ಪಡೆಯಲಾಯಿತು. ಅವರು, “ಅಲ್ಲ ಸರ್ಫರಾಜು, ಎಲ್ರೂ ಪ್ರಮೋಸನ್ನು ಅಂತ ಓಡಾಡ್ತವ್ರೆ, ನೀನು ಇಂಗೆ ಕೆಳಕ್ಕಿಳಿಸ್ರಿ ಅಂತ ಅರ್ಜಿ ಆಕ್ತೀಯ? ಅಳಿಯ ಅಂದ್ರೆ ಕುಂತು ಉಣ್ಣೋ ಕೆಲ್ಸ ಕಣಯ್ಯ, ಬಿಡಬ್ಯಾಡ” ಎಂದು ಅಭಿಪ್ರಾಯಪಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, “ಬರಿ, ಬರಿ. ಚೆನ್ನಾಗ್ ಬರಿ” ಅಂದರು.

೮. ಮಗಳ ಮನೆಯಲ್ಲಿ ಬೀಡುಬಿಡಬಾರದೆಂಬ ನಿಯಮವನ್ನು ಸಡಿಲಿಸಿ ಎಂದು ಅರ್ಜಿದಾರ ಕೇಳುತ್ತಿಲ್ಲ. ನಿಯಮ ಹಾಗೇ ಇರಲಿ. ಮಗನ ಮನೆಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಅವನನ್ನು ಅಳಿಯನ ಹುದ್ದೆಯಿಂದ ಕೆಳಗಿಳಿಸಿ ಮಗನ ಹುದ್ದೆಗೆ ನೇಮಿಸಬೇಕಾಗಿ ಪ್ರಾರ್ಥನೆ. ನಲ್ಲಿ ಮೂಳೆ, ಮೊದಲ ಸೌಟು, ಹಬ್ಬದ ಹೊಸ ಬಟ್ಟೆ ಇವೆಲ್ಲ ಸವಲತ್ತುಗಳನ್ನು ಬಿಟ್ಟುಕೊಡಲು ಅವನು ಸಿದ್ಧ. ಬೈಗುಳ ತಿನ್ನಲೂ ಸಿದ್ಧ. ಇದರಿಂದ ನಿಶಾತ್ ತಾನಾಗಿ ಸೊಸೆಯ ಹುದ್ದೆಗೆ ಬರಬೇಕಾಗುತ್ತದೆ; ಆಕೆ ಯೋಚಿಸಿ ಒಪ್ಪಿದ್ದಾಳೆ. ಅರ್ಜಿದಾರನಿಗೆ ತಂದೆ ಇಲ್ಲ. ಆ ಹುದ್ದೆ ಖಾಲಿ ಬಿದ್ದು ಬಹಳ ಕಾಲವಾಯಿತು. ಅಬ್ಬಾ ಬಂದು ಅದನ್ನು ತುಂಬಲಿ ಎಂಬುದು ಅವನ ಆಸೆ.

ತಮ್ಮ ಆದೇಶ ಬರುವವರೆಗೆ ಅಳಿಯನಾಗಿಯೂ, ಬಂದ ಗಳಿಗೆಯಿಂದ ಮಗನಾಗಿಯೂ,

ತಮ್ಮ ವಿಶ್ವಾಸಿ,
ಸರ್ಫರಾಜ್

ಅಡಕಗಳು:
ಅ) ನಿಶಾತ್‌ಳ ನಿರಾಕ್ಷೇಪಣಾ ಪತ್ರ. (“ಬೇಗ ಬಾ ಅಮ್ಮಿ” ಎಂದಷ್ಟೇ ಇದೆ. ಇದನ್ನೇ ನಿರಾಕ್ಷೇಪಣೆಯೆಂದು ಪರಿಗಣಿಸುವುದು.)
ಆ) ಯಲಹಂಕದ ಮನೆಯ ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿರುವ ಫೋಟೊ. ಪೂರ್ವಾನುಮತಿ ಪಡೆದಿಲ್ಲ, ಘಟನೋತ್ತರ ಮಂಜೂರಾತಿ ನೀಡುವುದು.
ಇ) ಹೆಬ್ಬಾಳದ ಬಾಡಿಗೆ ರೂಮಿನ ವಿವರ: ಇಲ್ಲ. ಹುಡುಕಿಲ್ಲ.

ವಿಶೇಷ ಸೂಚನೆ: ಅಬ್ಬಾರ ಸ್ನಾನಕ್ಕೆ ನೀರು ಎಷ್ಟು ಬಿಸಿ ಇರಬೇಕೆಂಬುದು ತಮಗೊಬ್ಬರಿಗೇ ಗೊತ್ತು. ದಯವಿಟ್ಟು ಅದನ್ನು ಅರ್ಜಿದಾರನಿಗೆ ತಿಳಿಸಿಕೊಡುವುದು.