ಗೀಸರಿಗೆ ಸೊಂಟದಳತೆ

ಅಳತೆಯ ವಿಷಯದಲ್ಲಿ ಟೇಲರ್ ಮಾಸ್ಟರಿಗೆ ಬುದ್ಧಿ ಹೇಳುವವನು ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೂ ಅವನ ಚಡ್ಡಿಯನ್ನು ಮಾಸ್ಟರೇ ಹೊಲಿದಿರುತ್ತಿದ್ದರು! ಇಂಥವರು, ಮಂಡಿನೋವಿನ ಅತ್ತೆ ಒಂದು ತಿಂಗಳು ಬಂದಿರುತ್ತಾರೆಂದು ತಿಳಿದದ್ದೇ ತಡ, ಎದೆಯುಬ್ಬಿಸಿ ಹೆಂಡತಿಯ ಮುಂದೆ ಘೋಷಿಸಿದರು:

"ಅತ್ತೆ ಬರೋದ್ರೊಳಗೆ ಗ್ಯಾಸ್ ಗೀಸರ್ ಹಾಕಿಸ್ತೀನಿ. ತೊಟ್ಟಿ ಇಲ್ಲ, ಗಿಟ್ಟಿ ಇಲ್ಲ. ನಲ್ಲಿ ತಿರುಗಿಸಿದ್ರೆ ಬಿಸಿನೀರು. ಕಾಯೋ ಹಾಗೇ ಇಲ್ಲ!"

"ನಾವು ಕಾಯೋ ಹಾಗಿಲ್ವೋ, ನೀರು ಕಾಯೋ ಹಾಗಿಲ್ವೋ?" ಎಂದಳು ಹೆಂಡತಿ.

ಗೀಸರ್ ಬಂತು. ಹಿಂದೆಯೇ ಬಂದ ಗ್ಯಾಸ್ ಫಿಟ್ಟರ್ ಗೋಡೆಯ ಪೈಪನ್ನು ನೋಡಿ ಲೊಚಗುಟ್ಟಿದ.

"ಮಾಸ್ಟ್ರೇ, ನಿಮ್ಮ ಲೈನು ಅರ್ಧ ಇಂಚು. ಮೀಟರಿಂದ ಬಚ್ಚಲಿಗೆ ನಲವತ್ತು ಅಡಿ, ಮಧ್ಯೆ ಒಲೆಗೂ ಇದೇ ಪೈಪು. ಈ ಗೀಸರ್ ಗ್ಯಾಸನ್ನ ಗಟಗಟ ಕುಡಿಯುತ್ತೆ. ಮುಕ್ಕಾಲು ಇಂಚಿನ ಪೈಪ್ ಎಳೀಬೇಕು."

"ಅರ್ಧ, ಮುಕ್ಕಾಲು ಅಂತ ಚಡ್ಡಿ ಲೆಕ್ಕ ಯಾರಿಗಯ್ಯಾ ಹೇಳ್ತೀಯ?" ಮಾಸ್ಟರ್ ಕೊರಳಿನ ಟೇಪ್ ಎಳೆದು ಪೈಪಿನ ಸುತ್ತ ಸುತ್ತಿದರು. "ನೋಡು! ಎರಡೂವರೆ ಇಂಚು, ಮೇಲೊಂದು ನೂಲು! ಇನ್ನೂ ಎರಡು ಗೀಸರ್ ಹಾಕಬಹುದು!"

"ಅದು ಸುತ್ತಳತೆ, ಮಾಸ್ಟ್ರೇ…"

"ಸುತ್ತಳತೆ ತೆಗೀದೆ ನಾನೇನು ಸೊಂಟಾನ ತೂಕ ಹಾಕ್ಲಾ?"

ಹೆಂಡತಿ ಗೀಸರಿನ ಜೊತೆ ಬಂದ ಪುಸ್ತಕ ಬಿಡಿಸಿ ನಿಂತಿದ್ದಳು. "ರೀ, ಇದರಲ್ಲೂ ಹಾಗೇ ಇದೆ. ಎಲ್ಲಾ ಒಟ್ಟಿಗೆ ಉರಿಯೋವಾಗ ಎಷ್ಟು ಗ್ಯಾಸ್ ಬೇಕು ಅನ್ನೋ ಲೆಕ್ಕ ಹಿಡೀಬೇಕಂತೆ."

"ಪುಸ್ತಕ ಓದಿ ಹೊಲಿಗೆ ಕಲಿತವರ ಅಂಗಿ ನೋಡಿದ್ದೀನಿ ಬಿಡು!"

ಫಿಟ್ಟರ್ ಒಂದು ಕಾಗದ ಮುಂದಿಟ್ಟ. 'ಬೇಡವೆಂದರೂ ಮನೆಯವರೇ ಹಾಕಿಸಿಕೊಂಡದ್ದು' ಎಂದು ಅದರಲ್ಲಿತ್ತು. ಮಾಸ್ಟರ್ ಶಾಸನಕ್ಕೆ ಮುದ್ರೆಯೊತ್ತುವ ಗತ್ತಿನಲ್ಲಿ ಸಹಿ ಹಾಕಿದರು. ಆ ಸಂಜೆ ಒಲೆ ಉರಿಯುತ್ತಿರಲಿಲ್ಲ; ನೀರು ಹೊಗೆಯಾಡುತ್ತಾ ಬಂತು. ಮಾಸ್ಟರ್ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದರು.

ಮರುದಿನ ಅತ್ತೆ ಬಂದರು, ಬಚ್ಚಲಿಗೆ ಹೋದರು. ತಲೆಗೆ ಸೋಪು ಹಚ್ಚಿದ ಹೊತ್ತಿಗೆ ಸರಿಯಾಗಿ ಹೆಂಡತಿ ಅಡುಗೆಮನೆಯಲ್ಲಿ ಮೂರು ಒಲೆಯನ್ನೂ ಹಚ್ಚಿದಳು. ಗೀಸರ್ 'ಟುಯ್' ಎಂದು ಆರಿತು.

"ಅಯ್ಯಯ್ಯೋ! ಅಳಿಯಂದ್ರೇ! ಮಂಜುಗಡ್ಡೆ ಸುರೀತಿದೆ!"

"ಒಲೆ ಆರಿಸೇ!" ಎಂದು ಮಾಸ್ಟರ್ ಓಡಿದರು. ಒಲೆ ಆರಿತು, ಗೀಸರ್ ಹೊತ್ತಿತು. "ಬೇಳೆ ಅರ್ಧ ಬೆಂದಿದೆ ಕಣ್ರೀ!" "ಸರಿ, ಹಚ್ಚು!" ಒಲೆ ಹೊತ್ತಿತು, ಗೀಸರ್ ಆರಿತು. ಬಚ್ಚಲಿಗೂ ಅಡುಗೆಮನೆಗೂ ನಡುವೆ ಟ್ರಾಫಿಕ್ ಪೊಲೀಸನಂತೆ ನಿಂತ ಮಾಸ್ಟರ್ "ಈಗ ಅತ್ತೆ!", "ಈಗ ಬೇಳೆ!" ಎಂದು ಕೈ ತೋರಿಸತೊಡಗಿದರು. ಅತ್ತೆಯ ಒಂದು ಮಂಡಿಗೆ ಬೇಸಿಗೆ, ಇನ್ನೊಂದಕ್ಕೆ ಚಳಿಗಾಲ. ಬೇಳೆಯಂತೂ ಬೇಯಲೂ ಇಲ್ಲ, ಹಸಿಯಾಗಿ ಉಳಿಯಲೂ ಇಲ್ಲ.

"ಫಿಟ್ಟರನ್ನ ಕರೀರಿ," ಎಂದಳು ಹೆಂಡತಿ.

"ಯಾಕೆ ಕರೀಲಿ? ನನ್ನ ಅಳತೆ ಸರಿಯಾಗೇ ಇದೆ. ಈ ಸಲದ ಗ್ಯಾಸೇ ತೆಳು!"

ನಾಲ್ಕು ದಿನ ಇದೇ ಹಟ. ಮಾಸ್ಟರ ಮೀಸೆ ಕೆಳಗಿಳಿಯಲಿಲ್ಲ. ಐದನೆಯ ದಿನ ಅತ್ತೆ ಚೀಲ ಕಟ್ಟಿದರು.

"ಬರುವಾಗ ಮಂಡಿನೋವು ಒಂದೇ ಇತ್ತು, ಅಳಿಯಂದ್ರೇ. ನೀವು ನೆಗಡೀನೂ ಕೊಟ್ರಿ. ಸಾಕು, ಹೊರಡ್ತೀನಿ."

"ಅಮ್ಮ ಹೊರಟ್ರೆ ಜೊತೆಗೆ ನಾನೂ ಹೊರಟೆ," ಎಂದಳು ಹೆಂಡತಿ. ಅವಳ ಚೀಲ ಆಗಲೇ ಬಾಗಿಲ ಬಳಿ ಇತ್ತು.

ಮಾಸ್ಟರ್ ಫೋನಿಗೆ ಕೈ ಹಾಕಿದರು.

ಫಿಟ್ಟರ್ ಹಳೆಯ ಪೈಪು ಬಿಚ್ಚಿ, ಅದರ ಬಾಯಿಯನ್ನು ಮಾಸ್ಟರ ಮೂಗಿನ ಮುಂದೆ ಹಿಡಿದ. ಮಾಸ್ಟರ್ ಬೆರಳು ತೂರಿಸಿ ನೋಡಿದರು. ಕಿರುಬೆರಳು ಹೋಯಿತು, ಹೆಬ್ಬೆರಳು ಹೋಗಲಿಲ್ಲ.

"ಪ್ಯಾಂಟಿಗೆ ಸೊಂಟದಳತೆ ಸರಿ, ಮಾಸ್ಟ್ರೇ. ಪೈಪಿಗೆ ಗಂಟಲಳತೆ ನೋಡ್ಬೇಕು!"

ಹೊಸ ಪೈಪು ಬಂತು. ಮೂರು ಒಲೆಯೂ ಉರಿಯಿತು, ಗೀಸರೂ ಉರಿಯಿತು, ಅತ್ತೆ ಮುಕ್ಕಾಲು ಗಂಟೆ ಮಿಂದು ಚೀಲ ಬಿಚ್ಚಿದರು. ಮಾಸ್ಟರ್ ಮಾತ್ರ ಸೋಲೊಪ್ಪುವ ಪೈಕಿಯೇ? "ಪೈಪಿನ ಮಾತು ಬೇರೆ. ಮನುಷ್ಯರ ಅಳತೇಲಿ ನನ್ನ ಮೀರಿಸೋರು ಯಾರಿದ್ದಾರೆ?" ಎನ್ನುತ್ತಾ ಬೆಳಿಗ್ಗೆ ಮುಂದಿನ ಕೋಣೆಯ ಅಂಗಡಿ ತೆರೆದರು. ಮೊದಲ ಗಿರಾಕಿಯ ಸೊಂಟಕ್ಕೆ ಟೇಪ್ ಸುತ್ತಿ, ಮನೆಯೆಲ್ಲ ಕೇಳುವಂತೆ "ಮೂವತ್ತಾರು!" ಎಂದು ಬರೆದುಕೊಂಡರು.

ಒಳಗಿನಿಂದ ಹೆಂಡತಿಯ ದನಿ ಬಂತು: "ರೀ, ಆ ಅಳತೆ ನಂಬೋ ಮೊದಲು ಅವರ ತಿಂಡಿ ಆಗಿದೆಯಾ ಕೇಳಿ!"

ಗಿರಾಕಿ ಸಂಕೋಚದಿಂದ ತಲೆಯಾಡಿಸಿದ. "ಇಲ್ಲ, ಖಾಲಿ ಹೊಟ್ಟೇಲೇ ಬಂದೆ."

ಮಾಸ್ಟರ್ ಬರೆದದ್ದನ್ನು ಹೊಡೆದುಹಾಕಿ, ಅಡುಗೆಮನೆಯ ಕಡೆ ತಿರುಗಿ, ಮೆಲ್ಲಗೆ ಕೇಳಿದರು:

"ಎಷ್ಟು ಬರ್ಕೊಳ್ಲೇ?"