ಕೆಳಗಿನ ಮನೆಯ ಅಂಗನವಾಡಿ

ಮಾತು ಬಾರದವನಿಗೆ ಕಷ್ಟ ಹೆಚ್ಚು ಅಂತ ಎಲ್ಲರೂ ಹೇಳುತ್ತಾರೆ. ಮಾತು ಬರುವವನ ಕಷ್ಟ ಅವನ ಹೆಂಡತಿಗೆ ಮಾತ್ರ ಗೊತ್ತು. ನಾನು ತಮಿಳುನಾಡಿನ ಗಡಿಯ ಹೊಸೂರಿನ ಲಾರಿ ಕಾರ್ಖಾನೆಯೊಂದರಲ್ಲಿ ಎಂಜಿನ್‌ಗಳನ್ನು ಓಡಿಸಿ ನೋಡುವ ಕಡೆ ಕೆಲಸ ಮಾಡಿದವನು. ಅಲ್ಲಿನ ಗದ್ದಲದಲ್ಲಿ ನಾನಾಡಿದ ಮಾತು ಪಕ್ಕದಲ್ಲಿ ನಿಂತವನಿಗೂ ಕೇಳುತ್ತಿರಲಿಲ್ಲ. ಹೆಬ್ಬೆರಳು ಮೇಲೆತ್ತಿದರೆ ಸರಿ, ಕೆಳಗಿಳಿಸಿದರೆ ತಪ್ಪು, ಹೊಟ್ಟೆ ಮುಟ್ಟಿ ತೋರಿಸಿದರೆ ಕ್ಯಾಂಟೀನು, ಅಷ್ಟರಲ್ಲೇ ಒಂದು ಆಯುಷ್ಯ ಕಳೆಯಿತು. ಹಾಗಾಗಿ ರಿಟೈರ್ ಆಗುವ ಹೊತ್ತಿಗೆ ನನ್ನೊಳಗೆ ಆಡದೆ ಉಳಿದ ಮಾತು ಬೇಕಾದಷ್ಟು ಸೇರಿತ್ತು. ಅವಲಪಲ್ಲಿಯ ನಮ್ಮ ಬಡಾವಣೆಯವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ಭಾನುವಾರ ನನ್ನ ಕೈಗೆ ಮೈಕು ಕೊಡುತ್ತಿರಲಿಲ್ಲ.

ಅವತ್ತು ನಡೆದದ್ದು ಅಂಗನವಾಡಿಯ ಸಭೆ. ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿದ್ದರು. ಮಕ್ಕಳ ಇಲಾಖೆಯ ಆಫೀಸಿನಿಂದ ಒಬ್ಬ ಅಮ್ಮ ಬಂದಿದ್ದರು. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳಿಗೆಲ್ಲ, ಬಡವರ ಮಗು ಉಳ್ಳವರ ಮಗು ಅನ್ನದೆ, ಸರ್ಕಾರದ ಖರ್ಚಿನಲ್ಲೇ ಆಟ, ಪಾಠ, ಊಟ ಎಲ್ಲ ಸಿಗಬೇಕು, ಅದಕ್ಕೆ ಈ ಬಡಾವಣೆಗೂ ಒಂದು ಕೇಂದ್ರ ಕೊಡುತ್ತೇವೆ ಅಂತ ಅವರು ತಮಿಳಿನಲ್ಲಿ ಹೇಳಿದರು. ಕಟ್ಟಡ ಏಳುವುದಕ್ಕೆ ಸಮಯ ಬೇಕು, ಅಲ್ಲಿಯವರೆಗೆ ನೀವೇ ಒಂದು ಜಾಗ ಕೊಡಿ, ಇಲ್ಲದಿದ್ದರೆ ಇದು ಬೇರೆ ಕಡೆಗೆ ಹೋಗುತ್ತದೆ ಅಂದರು. ಎಲ್ಲರೂ ತಲೆಯಾಡಿಸಿ, ಬಹಳ ಒಳ್ಳೆಯ ಯೋಜನೆ ಅಂತ ಒಪ್ಪಿಕೊಂಡರು. ಜಾಗದ ಮಾತು ಬಂದಾಗ ಮಾತ್ರ ಒಬ್ಬೊಬ್ಬರೇ ಮೊಬೈಲು ನೋಡತೊಡಗಿದರು. ದೇವಸ್ಥಾನದ ಪಕ್ಕ ಅಂದರೆ ಮಡಿ ಕೆಡುತ್ತದೆ, ಪಾರ್ಕಿನ ಪಕ್ಕ ಅಂದರೆ ವಾಕಿಂಗಿಗೆ ತೊಂದರೆ, ಸಂಘದ ಕೋಣೆ ಅಂದರೆ ಅಲ್ಲಿ ಕೇರಂ ಬೋರ್ಡಿದೆ. ಕೊನೆಗೆ ಸಂಘದ ಕಾರ್ಯದರ್ಶಿಗಳು, ನಮ್ಮ ಮಕ್ಕಳೆಲ್ಲ ವ್ಯಾನಿನಲ್ಲಿ ಪ್ಲೇ ಸ್ಕೂಲಿಗೆ ಹೋಗುತ್ತವಲ್ಲ, ಇಲ್ಲಿ ಬರುವವರಾದರೂ ಯಾರು ಅಂತ ಕೇಳಿದರು.

ಹಿಂದುಗಡೆ ನಿಂತಿದ್ದ ರತ್ನ ಅನ್ನೋ ಹೆಂಗಸು ಆಗ ಮಾತಾಡಿದಳು. ಬಡಾವಣೆಯ ಹಿಂದಿನ ಶೀಟಿನ ಮನೆಗಳಲ್ಲಿ ಇರುವವಳು. ಬೇರಿಕೆ ರಸ್ತೆಯಲ್ಲಿ ಗುಲಾಬಿ ಹೂವು ಆರಿಸಿ ಕಟ್ಟುವ ಶೆಡ್ಡಿನಲ್ಲಿ ಅವಳಿಗೆ ಕೆಲಸ. ಕಂಕುಳಲ್ಲಿ ಎರಡೂವರೆ ವರ್ಷದ ಮಗ.

"ನಾನು ಕೆಲ್ಸಕ್ಕೆ ಓದ್ರೆ ಇವನ್ನ ಒಳಗಾಕಿ ಬೀಗ ಆಕ್ಬೇಕು. ಬೀಗ ಆಕಕ್ಕೆ ಮನ್ಸು ಬರ್ಲಿಲ್ಲ ಅಂದ್ರೆ ನಾನೂ ಮನೇಲೇ ಇರ್ಬೇಕು. ಈ ತಿಂಗ್ಳು ಅರ್ಧಕ್ಕರ್ಧ ದಿವ್ಸ ಮನೇಲೇ ಇದ್ದೀನಿ. ಇನ್ನೊಂದ್ಸಲ ಇಂಗಾದ್ರೆ ಬರಬ್ಯಾಡ ಅಂದವ್ರೆ."

ಅವಳು ಇಷ್ಟು ಹೇಳಿ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. ಮುಂದಿನ ಸಾಲಿನವರು ಮತ್ತೆ ಮೊಬೈಲು ನೋಡಿದರು. ನಾನು ಯಾಕೋ ಎದ್ದು ನಿಂತೆ. ಯಾರೋ ಮೈಕು ಕೊಟ್ಟರು. ಕೆಲಸ ಕೆಟ್ಟಿತು.

ನನಗೆ ನೆನಪಾದದ್ದು ಮುನಿತಾಯಜ್ಜಿ. ಬೇರಿಕೆಯಿಂದ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಆಗ ಶಾಲೆಯೇ ಒಂದು ಕೋಣೆಯದು, ಶಾಲೆಗಿಂತ ಚಿಕ್ಕವರಿಗೆ ಏನಿದ್ದೀತು? ಆದರೂ ನಾವು ಯಾರೂ ಬೀಗದ ಹಿಂದೆ ಬೆಳೆಯಲಿಲ್ಲ. ಅಮ್ಮಂದಿರು ಕಡಲೆಕಾಯಿ ಹೊಲಕ್ಕೆ ಕಳೆ ಕೀಳಲು ಹೋಗುವ ಮುಂಚೆ ನಮ್ಮನ್ನೆಲ್ಲ ಅಜ್ಜಿಯ ಜಗುಲಿಗೆ ತಂದು ಸುರಿದು ಹೋಗುತ್ತಿದ್ದರು. ಅಜ್ಜಿಗೆ ಸ್ವಂತ ಮಕ್ಕಳಿರಲಿಲ್ಲ. ಒಂದು ಈಚಲು ಚಾಪೆ, ಒಂದು ಮಡಕೆ ರಾಗಿ ಗಂಜಿ, ಒಂದು ಬೀಸಣಿಗೆ, ಇಷ್ಟೇ ಅವಳ ಆಸ್ತಿ. ತೆಲುಗಿನವರ ಮಗು ಅತ್ತರೆ ತೆಲುಗಿನಲ್ಲಿ ಸಮಾಧಾನ ಮಾಡುವಳು, ನಾನು ಅತ್ತರೆ ಕನ್ನಡದಲ್ಲಿ ಗದರುವಳು. ಮಧ್ಯಾಹ್ನ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿ ಆ ಒಂದೇ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಳು. ನನ್ನ ಸರದಿಯ ಗಾಳಿಗೆ ಕಾಯುತ್ತ ಕಾಯುತ್ತಲೇ ನಿದ್ದೆ ಬಂದುಬಿಡುತ್ತಿತ್ತು. ಎಚ್ಚರವಾಗುವ ಹೊತ್ತಿಗೆ ಅಮ್ಮನ ಸೀರೆಯ ಮಣ್ಣಿನ ವಾಸನೆ. ಆ ವಾಸನೆ ಈಗಲೂ ಒಮ್ಮೊಮ್ಮೆ ಮೊದಲ ಮಳೆ ಬಿದ್ದಾಗ ಬರುತ್ತದೆ, ಬಂದಾಗ ನಾನು ಸುಮ್ಮನೆ ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ. ಯಾಕೆ ಅಂತ ಹೆಂಡತಿ ಕೇಳಿದರೆ ಹಾಲಿನವನನ್ನು ನೋಡಲು ಅನ್ನುತ್ತೇನೆ.

ಸುಗ್ಗಿಯಲ್ಲಿ ಅಜ್ಜಿಗೆ ಪ್ರತಿ ಮನೆಯಿಂದ ರಾಗಿ ಹೋಗುತ್ತಿತ್ತು. ಮಕ್ಕಳಿರುವ ಮನೆಯಿಂದಲೂ, ಇಲ್ಲದ ಮನೆಯಿಂದಲೂ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಮಕ್ಕಳಿರಲಿಲ್ಲ, ಆದರೂ ಅವರು ಮೊರದ ತುಂಬ ಕೊಡುತ್ತಿದ್ದರು. ನಿಮಗ್ಯಾಕೆ ಈ ದಂಡ ಅಂತ ಯಾರೋ ಕೇಳಿದ್ದಕ್ಕೆ ದೊಡ್ಡಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ನಮ್ಮನೇಗೆ ಮಕ್ಳಿಲ್ಲ, ದಿಟ. ಊರ್ಗೆ ಮಕ್ಳವ್ರಲ್ಲಾ ಕಣ್ಲಾ."

ಇದನ್ನೆಲ್ಲ ನಾನು ಆ ಸಭೆಯಲ್ಲಿ ಹೇಳಿದೆ. ಕನ್ನಡದಲ್ಲಿ ಶುರು ಮಾಡಿ, ತಮಿಳಿಗೆ ಹೋಗಿ, ಗಂಜಿಯ ವಿಷಯ ಬಂದಾಗ ತೆಲುಗಿಗೂ ಒಂದು ಸುತ್ತು ಹಾಕಿ ಬಂದೆ. ಜನ ಕುರ್ಚಿ ಮುಂದಕ್ಕೆಳೆದುಕೊಂಡು ಕೇಳುತ್ತಿದ್ದರು. ಹಿಂದೆಂದೂ ಯಾರೂ ನನ್ನ ಮಾತನ್ನು ಹಾಗೆ ಕೇಳಿರಲಿಲ್ಲ. ಭಾಷಣವನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗದೆ, ಕೊನೆಗೆ, ನಮ್ಮ ಕೆಳಗಿನ ಮನೆ ಖಾಲಿ ಇದೆ, ಕಟ್ಟಡ ಆಗುವ ತನಕ ಅಂಗನವಾಡಿ ಅಲ್ಲೇ ನಡೆಯಲಿ ಅಂದುಬಿಟ್ಟೆ. ಚಪ್ಪಾಳೆ ಬಿತ್ತು. ಆಫೀಸಿನ ಅಮ್ಮ ಕೈಮುಗಿದರು. ಹೆಂಗಸರ ಸಾಲಿನಲ್ಲಿ ಒಬ್ಬಳು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳು ನನ್ನ ಹೆಂಡತಿ ಪಾರ್ವತಿ. ಆ ಕೆಳಗಿನ ಮನೆಯನ್ನು ಅವಳು ತನ್ನ ತಂಗಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಳು. ತಂಗಿಯ ಗಂಡನಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿತ್ತು, ಅವರು ಸಾಮಾನು ಕಟ್ಟಿಟ್ಟುಕೊಂಡಿದ್ದರು.

ಮನೆಗೆ ನಡೆದು ಬರುವಾಗ ಪಾರ್ವತಿ ಒಂದೇ ಮಾತು ಹೇಳಿದ್ದು. "ಊರ್ ಮಕ್ಳಿಗೆಲ್ಲ ಜಾಗ ಕೊಟ್ರಿ. ನನ್ ತಂಗಿಗೆ ಏನ್ ಏಳ್ಲಿ ಅಂತಾನೂ ಆ ಮೈಕ್‌ನಾಗೇ ಏಳ್ಬುಟ್ಟು ಬರ್ಬೇಕಾಗಿತ್ತು." ಕಾರ್ಖಾನೆಯಲ್ಲಿ ಕಲಿತ ಸನ್ನೆಗಳಲ್ಲಿ ಇದಕ್ಕೆ ತಕ್ಕದ್ದು ಯಾವುದೂ ಇರಲಿಲ್ಲ. ತಂಗಿಯ ಸಂಸಾರ ಎರಡು ಬೀದಿ ಆಚೆ ಮನೆ ಹಿಡಿಯಿತು. ಪಾರ್ವತಿ ದಿನವೂ ಸಾರಿನ ಪಾತ್ರೆ ಹಿಡಿದು ಅಲ್ಲಿಗೆ ಹೋಗುವಾಗ, ಈ ಬಿಸಿಲಲ್ಲಿ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದಂತೆ ಅಂತ ನನಗೆ ಕೇಳುವಷ್ಟು ಗಟ್ಟಿಯಾಗಿ ಗೋಡೆಗೆ ಹೇಳಿ ಹೋಗುತ್ತಿದ್ದಳು.

ಅಂಗನವಾಡಿ ಶುರುವಾಯಿತು. ಟೀಚರ್ ಸೆಲ್ವಿ ಅಂತ, ಕೃಷ್ಣಗಿರಿ ಕಡೆಯ ಹುಡುಗಿ, ಮೂರೂ ಭಾಷೆಯಲ್ಲಿ ಸಲೀಸು. ಮೊದಲ ವಾರ ಕೆಳಗಿನಿಂದ ಬಂದದ್ದು ಅಳು ಮಾತ್ರ. ಒಂದು ಮಗು ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತಿತ್ತು, ಭಜನೆಯ ಹಾಗೆ. ನನ್ನ ಮಧ್ಯಾಹ್ನದ ನಿದ್ದೆ ಹೋಯಿತು. ಆದರೆ ಹೆಂಡತಿಯ ಮುಂದೆ ಅದನ್ನು ಹೇಳುವ ಹಾಗಿರಲಿಲ್ಲವಾದ್ದರಿಂದ ಕಣ್ಣು ಮುಚ್ಚಿ ಗೊರಕೆಯ ಸದ್ದು ಮಾಡುತ್ತ ಎಚ್ಚರವಾಗಿರುತ್ತಿದ್ದೆ.

ಎಲ್ಲರಿಗಿಂತ ಜಾಸ್ತಿ ಅಳುತ್ತಿದ್ದವನು ರತ್ನಳ ಮಗ ಮಧು. ಒಂದು ದಿನ ಅವನ ಅಳು ನಿಲ್ಲಲೇ ಇಲ್ಲ. ಸೆಲ್ವಿ ಟೀಚರ್ ಮಿಕ್ಕವರನ್ನು ನೋಡಿಕೊಳ್ಳಬೇಕು, ಆಯಮ್ಮ ಒಲೆಯ ಮುಂದೆ. ಪಾರ್ವತಿ ಮೇಲೆ ಹುರುಳಿಕಾಯಿ ಮುರಿಯುತ್ತಿದ್ದವಳು ತಟ್ಟೆ ಪಕ್ಕಕ್ಕಿಟ್ಟು, ಇದೇನು ಮಗು ಬಿದ್ದುಹೋಗೋ ಹಂಗೆ ಅಳ್ತೈತೆ ಅಂತ ಗೊಣಗಿಕೊಂಡು ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಾನು ಮೆಟ್ಟಿಲಿನಿಂದ ಬಗ್ಗಿ ನೋಡಿದರೆ ಮಧು ಅವಳ ತೊಡೆಯ ಮೇಲೆ ಕೂತು ಅವಳ ಬಳೆ ಎಣಿಸುತ್ತಿದ್ದ. ಒಂದು, ರೆಂಡು, ಮೂನು. ಕನ್ನಡದಲ್ಲಿ ಹೊರಟು, ತೆಲುಗಿಗೆ ಹೊರಳಿ, ತಮಿಳಿಗೆ ಬಂದು ಮುಟ್ಟಿದ್ದ. ಅವತ್ತಿನಿಂದ ಪಾರ್ವತಿ ಬೆಳಗ್ಗೆ ಇಳಿದರೆ ಮಕ್ಕಳು ಉಂಡು ಮಲಗುವ ತನಕ ಮೇಲೆ ಬರುತ್ತಿರಲಿಲ್ಲ. ನನಗೆ ಸೀದ ಹುಳಿ, ಮಕ್ಕಳಿಗೆ ಬಿಸಿ ಟೊಮೆಟೊ ಅನ್ನ ಮತ್ತು ಮೊಟ್ಟೆ. ನನ್ನ ಯೋಜನೆಯಿಂದ ಹೊಟ್ಟೆಗೆ ಕಡಿಮೆಯಾದದ್ದು ನನಗೊಬ್ಬನಿಗೇ.

ಒಂದು ಸಂಗತಿಯನ್ನು ಇಲ್ಲಿಯ ತನಕ ಹೇಳಲಿಲ್ಲ. ನನ್ನ ಸ್ವಂತ ಮೊಮ್ಮಗಳು, ಮೂರು ವರ್ಷದ ಹಂಸ, ದಿನವೂ ವ್ಯಾನು ಹತ್ತಿ ಪ್ಲೇ ಸ್ಕೂಲಿಗೇ ಹೋಗುತ್ತಿದ್ದಳು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಸೊಸೆ ಸುಮಾ ಒಳ್ಳೆಯ ಹುಡುಗಿ. ಅಂಗನವಾಡಿ ಬೇಕೇ ಬೇಕು ಮಾವ, ಪಾಪ ಅವರಿಗೆಲ್ಲ ಎಷ್ಟು ಅನುಕೂಲ ಅಂದಳು. ಆ "ಅವರಿಗೆಲ್ಲ" ನನಗೆ ಚುಚ್ಚಿತು, ಆದರೂ ಮನೆಯೊಳಗೆ ಮೈಕು ಇರಲಿಲ್ಲ. ಬೀದಿಯಲ್ಲಿ ಮಾತ್ರ ಕಾರ್ಯದರ್ಶಿಗಳು ಎದುರಾದಾಗಲೆಲ್ಲ, ಮೊಮ್ಮಗಳ ವ್ಯಾನು ಬಂತಾ ಸಾರ್ ಅಂತ ನಗುತ್ತ ಕೇಳುತ್ತಿದ್ದರು.

ಇದನ್ನು ಬಗೆಹರಿಸಿದವಳು ಹಂಸಳೇ. ಒಂದು ಬೆಳಗ್ಗೆ ವ್ಯಾನು ಹಾರನ್ ಹೊಡೆಯುತ್ತ ನಿಂತಿತ್ತು, ಮಗು ಕಾಣಲಿಲ್ಲ. ಹುಡುಕಿದರೆ ಕೆಳಗಿನ ಮನೆಯಲ್ಲಿ ಬೂಟು, ಸಾಕ್ಸು, ಬೆನ್ನಿನ ಚೀಲ ಸಮೇತ ಮಧುವಿನ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಎಬ್ಬಿಸಿದರೆ ಏಳಲಿಲ್ಲ. ವ್ಯಾನು ಹೋಯಿತು. ಸುಮಾ ಸಂಜೆ ಬಂದು ವಿಷಯ ಕೇಳಿಸಿಕೊಂಡಳು. ತನ್ನ ರಜೆಯ ದಿನ ಕೆಳಗಿಳಿದು ಬಾಗಿಲ ಹತ್ತಿರ ಬಹಳ ಹೊತ್ತು ನಿಂತು ನೋಡಿದಳು. ಮಕ್ಕಳು ಎಲೆ ಆರಿಸಿ ಚಿಕ್ಕದು ದೊಡ್ಡದು ಅಂತ ಜೋಡಿಸುತ್ತಿದ್ದರು. ಹಂಸ ತನ್ನ ಕೈಯಲ್ಲಿದ್ದ ದೊಡ್ಡ ಎಲೆಯನ್ನು ಮಧುವಿಗೆ ಕೊಟ್ಟಳು. ಮನೆಯಲ್ಲಿ ಅವಳು ಯಾರಿಗೂ ಒಂದು ಬಿಸ್ಕತ್ತಿನ ಪುಡಿಯನ್ನೂ ಕೊಟ್ಟವಳಲ್ಲ. ಸುಮಾ ಮೇಲೆ ಬಂದು, "ಒಂದು ತಿಂಗ್ಳು ಇಲ್ಲೇ ಇರ್ಲಿ ಮಾವ, ನೋಡೋಣ," ಅಂದಳು. ಆ ತಿಂಗಳು ಮುಗಿದು ಎಷ್ಟೋ ಕಾಲವಾಯಿತು. ಕಾರ್ಯದರ್ಶಿಗಳ ಮೊಮ್ಮಗನೂ ಈಗ ಅಂಗನವಾಡಿಗೇ. ರತ್ನ ಒಂದು ದಿನವೂ ಕೆಲಸ ತಪ್ಪಿಸಿಲ್ಲ. ಒಮ್ಮೊಮ್ಮೆ ಹೂವಿನ ಶೆಡ್ಡಿನಲ್ಲಿ ಕಾಂಡ ಮುರಿದ ಗುಲಾಬಿಗಳನ್ನು ತಂದು ಪಾರ್ವತಿಗೆ ಕೊಟ್ಟು ಹೋಗುತ್ತಾಳೆ.

ಕಟ್ಟಡ ಏಳುವುದಿಲ್ಲ ಅಂತ ನಾನು ಧೈರ್ಯವಾಗಿದ್ದೆ. ಎದ್ದೇಬಿಟ್ಟಿತು. ಗೋಡೆಯ ಮೇಲೆ ಆನೆ, ಗಿಳಿ, ಹಿಂದೆ ಅಡಿಗೆಮನೆ. ಚಾಪೆ, ಮಕ್ಕಳನ್ನು ತೂಗುವ ತಕ್ಕಡಿ, ಪಾತ್ರೆಗಳೆಲ್ಲ ಒಂದು ಗೂಡ್ಸ್ ಆಟೊದಲ್ಲಿ ಹೋದವು. ಪಾರ್ವತಿ ಅವತ್ತು ಈರುಳ್ಳಿ ಹೆಚ್ಚದೆಯೇ ಕಣ್ಣೊರೆಸಿಕೊಂಡಳು. ಕೆಳಗಿನ ಮನೆ ಈಗ ಖಾಲಿ. ಬರುತ್ತೀರಾ ಅಂತ ತಂಗಿಯನ್ನು ಕೇಳಿದರೆ, ಇಲ್ಲೇ ಒಗ್ಗಿಹೋಯ್ತು ಭಾವ ಅನ್ನುತ್ತಾಳೆ. ಮಧ್ಯಾಹ್ನ ಮನೆಯಲ್ಲಿ ಎಂಥ ನಿಶ್ಶಬ್ದ ಅಂದರೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ.

ಹಾಗಾಗಿ ಹಂಸಳನ್ನು ಬಿಟ್ಟು ಬರುವ ಕೆಲಸ ನಾನು ವಹಿಸಿಕೊಂಡೆ. ಬಿಡುವುದು ಸುಲಭ, ಬರುವುದೇ ಕಷ್ಟ. ಬಾಗಿಲಲ್ಲಿ ನಿಲ್ಲುತ್ತಿದ್ದೆ, ಹಾಡು ಕೇಳುತ್ತಿದ್ದೆ, ಎಣಿಕೆ ತಪ್ಪಿದರೆ ತಿದ್ದುತ್ತಿದ್ದೆ, ಒಂದು ದಿನ ಮುನಿತಾಯಜ್ಜಿಯ ಕಥೆ ಹೇಳಲೂ ಶುರು ಮಾಡಿದೆ. ಸೆಲ್ವಿ ಟೀಚರ್ ಮರ್ಯಾದೆಗೆ ನಕ್ಕರು. ಒಳಗೆ ಮೊಟ್ಟೆ ಸುಲಿಯುತ್ತಿದ್ದ ಪಾರ್ವತಿ, ಅವಳಿಗೆ ಅಲ್ಲಿ ದಿನವೂ ಏನೋ ಒಂದು ಕೆಲಸ ಇದ್ದೇ ಇರುತ್ತದೆ, ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ಆಗ ಹಂಸ ಎದ್ದು ಬಂದು ನನ್ನ ಕೈ ಹಿಡಿದು ಗೇಟಿನ ತನಕ ಕರಕೊಂಡು ಹೋದಳು.

"ತಾತ, ನೀನು ಮನೆಗೆ ಓಗು. ಅಳ್ಬೇಡ. ಸಾಯಂಕಾಲ ಬತ್ತೀನಿ."

ನಾನು ಹೆಬ್ಬೆರಳು ಮೇಲೆತ್ತಿ ಸರಿ ಅಂದೆ. ಅವಳು ಗೇಟು ಹಾಕಿಕೊಂಡು ಒಳಗೆ ಓಡಿದಳು. ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದೆ. ಒಳಗೆ ಯಾರೂ ಅಳುತ್ತಿರಲಿಲ್ಲ.