ಮೊಲದ ಕಿವಿಯ ಸಿಪ್ಪರ್

ಮನೆಗೆ ಬೇಕಾದ ಪಾತ್ರೆಯನ್ನು ಆರಿಸಿ ತರುವ ಕೆಲಸ ಗಂಡಸಿನ ಪಾಲಿಗೆ ಬರುವುದು ಅವನ ಗ್ರಹಚಾರ ಕೆಟ್ಟಾಗಲೇ ಎಂಬುದು ನನ್ನ ಅಭಿಪ್ರಾಯ. ನನ್ನದು ಹೇಗೂ ಕೆಟ್ಟಿತ್ತು. ಕಳೆದ ಮಳೆಗಾಲದಲ್ಲಿ ನನ್ನ ಹೆಂಡತಿ ಸುಮತಿ ತೀರಿಕೊಂಡಳು. ಡೊಂಬಿವಲಿಯ ಈ ಮನೆಯಲ್ಲಿರುವ ಚಮಚದಿಂದ ಕುಕ್ಕರಿನವರೆಗೆ ಎಲ್ಲವನ್ನೂ ಬಡಿದು ನೋಡಿ, ಬೆಳಕಿಗೆ ಹಿಡಿದು ನೋಡಿ, ಅಂಗಡಿಯವನಿಗೆ ಸಾಕುಸಾಕೆನಿಸಿ ತಂದವಳು ಅವಳೇ. ನಾನು ಚೀಲ ಹಿಡಿದು ಹೊರಗೆ ನಿಲ್ಲುತ್ತಿದ್ದೆ. ಚೀಲ ಹಿಡಿಯುವುದರಲ್ಲಿ ನನಗೆ ಒಳ್ಳೆಯ ಹೆಸರೇ ಇತ್ತು. ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಠಾಣೆಯ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯ ಕಳೆದವನಿಗೆ ಅದಕ್ಕಿಂತ ಹೆಚ್ಚಿನ ಆಸೆಯೂ ಇರಲಿಲ್ಲ.

ಅಂಥವನಿಗೆ ಒಂದು ದಿನ ಮಗಳು ವೀಣಾ ಅಪ್ಪಣೆ ಮಾಡಿದಳು: "ಅಪ್ಪ, ಪುಟ್ಟಿಗೆ ಒಂದು ಸಿಪ್ಪರ್ ತನ್ನಿ." ಸಿಪ್ಪರ್ ಎಂದರೆ ಮಕ್ಕಳು ಚೆಲ್ಲದೆ ಕುಡಿಯಲೆಂದು ಮುಚ್ಚಳಕ್ಕೊಂದು ಮೂತಿ ಇಟ್ಟ ಲೋಟ. ಪುಟ್ಟಿ ನನ್ನ ಮೊಮ್ಮಗಳು. ವರ್ಷ ತುಂಬಿ ತಿಂಗಳೆರಡಾಗಿದೆ. ಹಲ್ಲು ಬಂದಿದೆ, ಇನ್ನು ಬಾಟಲಿ ಬಿಡಿಸಿ ಎಂದು ಡಾಕ್ಟರು ಹೇಳಿದ್ದರು. ಮಗಳೂ ಅಳಿಯನೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಠಾಣೆಗೆ ಹೋದರೆ ಮರಳುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಅಲ್ಲಿಯವರೆಗೆ ಮಗುವನ್ನು ನೋಡಿಕೊಳ್ಳಬೇಕಾಗಿದ್ದವಳು ಸುಮತಿ. ಅವಳು ಹೋದ ಮೇಲೆ, ಯಾರೂ ಕೇಳದಿದ್ದರೂ, "ನಾನು ನೋಡ್ಕೊಳ್ತೇನೆ" ಎಂದು ನಾನೇ ಕೈ ಎತ್ತಿದ್ದೆ. ಆ ಕೈಯನ್ನು ಇಳಿಸುವ ಹಾಗೆ ಈಗ ವೀಣಾ ಇನ್ನೊಂದು ಮಾತನ್ನೂ ಸೇರಿಸಿದಳು: "ಈ ಸೆಕೆಗೆ ಅವಳು ಹಗಲಿಡೀ ನೀರು ಕುಡಿಯದಿದ್ರೆ ಆಗೋದಿಲ್ಲ ಅಪ್ಪ. ಈ ವಾರ ನೋಡುವ. ಕಲೀದಿದ್ರೆ ಸೋಮವಾರದಿಂದ ನನ್ನ ಆಫೀಸ್ ಹತ್ರದ ಪಾಳಣಾಘರ್‌ಗೆ ಹಾಕುವ. ಅಲ್ಲಿ ಟ್ರೇನಿಂಗ್ ಕೊಡ್ತಾರೆ."

ಪಾಳಣಾಘರ್ ಎಂದರೆ ಹಗಲು ಮಕ್ಕಳನ್ನು ಬಿಡುವ ಜಾಗ. ಅಲ್ಲಿಯವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಅನುಮಾನವೆಲ್ಲ ಪುಟ್ಟಿ ಹೋದ ಮೇಲೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು. ಹಗಲು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಫ್ರಿಜ್ ಎಷ್ಟು ಗಟ್ಟಿಯಾಗಿ ಮಾತಾಡುತ್ತದೆ ಎಂದು ಸುಮತಿ ಹೋದ ಮೊದಲ ವಾರವೇ ನನಗೆ ಗೊತ್ತಾಗಿತ್ತು. ಅದರೊಂದಿಗೆ ಸಂಸಾರ ಮಾಡುವ ಧೈರ್ಯ ನನಗಿರಲಿಲ್ಲ.

ಹಾಗಾಗಿ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಸ್ಟೇಷನ್ ಬಳಿಯ ಮಕ್ಕಳ ಸಾಮಾನಿನ ಅಂಗಡಿಗೆ ಹೋದೆ. ಸುಮತಿಯ ಹಾಗೆ ಒಂದು ಸಿಪ್ಪರನ್ನು ಬೆರಳಿನಿಂದ ಬಡಿದು ನೋಡಿದೆ. ಪ್ಲಾಸ್ಟಿಕ್, ಏನೂ ಹೇಳಲಿಲ್ಲ. ಅಂಗಡಿಯವನು ಇನ್ನೊಂದಕ್ಕೆ ನೀರು ತುಂಬಿ ತಲೆಕೆಳಗು ಮಾಡಿ ಹೆಮ್ಮೆಯಿಂದ ಅಲ್ಲಾಡಿಸಿದ. "ದೇಖೋ ಅಂಕಲ್, ಏಕ್ ಬೂಂದ್ ನಹೀಂ ಗಿರೇಗಾ!" ಒಂದು ಹನಿಯೂ ಬೀಳುವುದಿಲ್ಲವಂತೆ. ಹೋಟೆಲಿನಲ್ಲಿ ನೀರು ಬೀಳದ ಜಗ್ಗನ್ನು ನಾವು ರಿಪೇರಿಗೆ ಕಳಿಸುತ್ತಿದ್ದೆವು. ಈ ಊರಿನಲ್ಲಿ ಅದನ್ನೇ ಹೊಗಳಿ ಮಾರುತ್ತಾರೆ. ಆದರೂ ಅದಕ್ಕೆ ಮೊಲದ ಎರಡು ಗುಲಾಬಿ ಕಿವಿಗಳಿದ್ದವು, ಪುಟ್ಟಿ ಒಂದನ್ನು ಹಿಡಿದು ಬಿಡಲೇ ಇಲ್ಲ. ಆಯ್ಕೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಪಾಠ ಶುರು ಮಾಡಿದೆ. ಪುಟ್ಟಿಗೆ ಕಲಿಸುವುದು ಸುಲಭ, ಏಕೆಂದರೆ ಅವಳು ನಾನು ಮಾಡಿದ್ದನ್ನೆಲ್ಲ ಮಾಡುತ್ತಾಳೆ. ನಾನು ಕೆಮ್ಮಿದರೆ ಕೆಮ್ಮುತ್ತಾಳೆ. ಪೇಪರ್ ಬಿಡಿಸಿದರೆ ಅವಳಿಗೂ ಒಂದು ಹಾಳೆ ಬೇಕು. ಬೆಳಿಗ್ಗೆ ಸುಮತಿಯ ಫೋಟೋಗೆ ಕೈ ಮುಗಿದರೆ ತಾನೂ ಮುಗಿದು, ಮೇಲಿಂದ ಒಂದು "ಟಾಟಾ" ಹೇಳುತ್ತಾಳೆ. ಆ ಟಾಟಾ ನನ್ನಿಂದ ಕಲಿತದ್ದಲ್ಲ, ಅಷ್ಟು ಹಗುರವಾಗಿ ಹೇಳಲು ನನಗಿನ್ನೂ ಬಂದಿಲ್ಲ. ಇರಲಿ. ಸಿಪ್ಪರಿಗೆ ನೀರು ತುಂಬಿ, ಅವಳ ಎದುರು ಚಕ್ಕಳಮಕ್ಕಳ ಕೂತು, "ನೋಡು ಪುಟ್ಟಿ, ಅಜ್ಜ ಹೇಗೆ ಕುಡೀತಾರೆ ನೋಡು" ಎಂದು ಕುಡಿದು ತೋರಿಸಿದೆ. ಅವಳು ಕಣ್ಣು ಪಿಳುಕಿಸದೆ ನೋಡಿದಳು. ಸಿಪ್ಪರ್ ತೆಗೆದುಕೊಂಡಳು. ಒಂದು ಗಳಿಗೆ ಏನೋ ಪ್ರಯತ್ನ ಮಾಡಿ, ಸಿಟ್ಟಿನಿಂದ ಸೋಫಾದ ಅಡಿಗೆ ಎಸೆದಳು.

ಸಿಪ್ಪರೇ ಸರಿಯಿಲ್ಲ ಎಂದುಕೊಂಡೆ. ಮರುದಿನ ಒಳಗೆ ಸ್ಟ್ರಾ ಇರುವುದನ್ನು ತಂದೆ. ಅದೂ ಸೋಫಾದ ಅಡಿಗೆ. ಅಳಿಯ ಮೊಬೈಲಿನಲ್ಲಿ ಯಾರಾರದೋ ಅಭಿಪ್ರಾಯ ಓದಿ, ಅಂಚಿನಲ್ಲಿ ಎಲ್ಲಿ ಬಾಯಿಟ್ಟರೂ ನೀರು ಬರುವ ಒಂದನ್ನು ತರಿಸಿದ. ಅಂಥದ್ದಕ್ಕೆ ನಮ್ಮಲ್ಲಿ ಲೋಟ ಎನ್ನುತ್ತಾರೆ. ಅದೂ ಸೋಫಾದ ಅಡಿಗೇ ಹೋಯಿತು. ಊರಿನಿಂದ ಬಂದ ಹಳೆಯ ಬೆಳ್ಳಿಯ ಒಳಲೆಯನ್ನೂ ತೊಳೆದು ತಂದೆ. ನಮ್ಮ ಕಡೆ ಎಳೆಗೂಸುಗಳಿಗೆ ಅದರಲ್ಲೇ ಹಾಲು ಕುಡಿಸುವುದು, ಆದರೆ ಅದಕ್ಕೆ ಮಗು ಮಡಿಲಲ್ಲಿ ಮಲಗಬೇಕು. ಪುಟ್ಟಿ ಈಗ ಮಲಗುವ ಜಾತಿಯಲ್ಲ. ಚಮಚದಲ್ಲಿ ಕೊಟ್ಟರೆ ಅರ್ಧ ಅವಳ ಅಂಗಿಗೆ, ಅರ್ಧ ನನ್ನ ಪಂಚೆಗೆ. ಹೀಗೆ ಮನೆಯಲ್ಲಿ ಎಲ್ಲರೂ ನೆನೆದು, ನೀರು ಕುಡಿಯಬೇಕಾದವಳು ಮಾತ್ರ ಒಣಗಿಕೊಂಡೇ ಭಾನುವಾರ ಬಂದಿತು. ವೀಣಾ ಪುಟ್ಟಿಯ ಬಟ್ಟೆಗಳನ್ನು ಒಂದು ಪುಟ್ಟ ಬ್ಯಾಗಿಗೆ ತುಂಬಿದಳು. ಅದರ ಜಿಪ್ ಎಳೆದ ಸದ್ದು ನನಗೆ ಅಡುಗೆಮನೆಯವರೆಗೂ ಕೇಳಿತು.

"ಒಂದೇ ಒಂದು ಸಲ ನೋಡ್ತೇನೆ ಮಾರಾಯ್ತಿ" ಎಂದು ಮೊಲದ ಕಿವಿಯದ್ದಕ್ಕೆ ನೀರು ತುಂಬಿಕೊಂಡು ಕೂತೆ. ವೀಣಾ ಫ್ರಿಜ್ಜಿಗೆ ಒರಗಿ ನಿಂತಳು. ನಾನು ಎಂದಿನಂತೆ ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಸಿಪ್ಪರನ್ನು ಮೂಗಿನಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದು, ಗುಟುಕು ಗುಟುಕೆಂದು ಗಂಟಲು ಆಡಿಸಿದೆ. ಆಮೇಲೆ ಪುಟ್ಟಿಯ ಕೈಗೆ ಕೊಟ್ಟೆ. ಅವಳೂ ತಲೆಯನ್ನು ಹಿಂದಕ್ಕೆ ಚೆಲ್ಲಿದಳು. ಎರಡೂ ಕೈಯಲ್ಲಿ ಸಿಪ್ಪರನ್ನು ಆಕಾಶಕ್ಕೆ ಎತ್ತಿದಳು. ನಾಲ್ಕು ಹಲ್ಲಿನ ಬಾಯಿ ತೆರೆದು, ಹಕ್ಕಿಮರಿಯ ಹಾಗೆ, ಬೀಳದ ನೀರಿಗೆ ಕಾಯತೊಡಗಿದಳು.

ವೀಣಾ ನಕ್ಕಳು. ಒರಗಿದಲ್ಲಿಂದ ಜಾರಿ ನೆಲಕ್ಕೆ ಕೂತು, ಕಣ್ಣು ಒರೆಸಿಕೊಂಡು, ಮತ್ತೆ ನಕ್ಕಳು. ಅವಳ ತಾಯಿ ನಗುತ್ತಿದ್ದುದೂ ಹೀಗೇ, ಕೂತೇ ನಗಬೇಕು. ಹಲವು ತಿಂಗಳಿಂದ ಈ ಮನೆಯಲ್ಲಿ ಆ ನಗು ಕೇಳಿರಲಿಲ್ಲ.

"ಅಯ್ಯೋ ಅಪ್ಪಾ, ಎಂತ ಮಾಡ್ತಿದ್ದೀರಿ! ಅದನ್ನ ಎತ್ತಿ ಕುಡಿಯೋದಾ?"

"ಮತ್ತೆ? ಎಂಜಲು ಮಾಡಿ ಕುಡಿಯೋದಾ?" ಎಂದೆ.

ನಿಜ ಹೇಳುತ್ತೇನೆ, ನನಗೆ ಹೊಳೆದಿರಲೇ ಇಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಚೊಂಬಿಗೆ ತುಟಿ ತಾಗಿಸಿದರೆ ಬೆನ್ನಿಗೆ ಬೀಳುತ್ತಿತ್ತು. ಹೋಟೆಲಿನಲ್ಲಿಯೂ ಮೇಜಿನ ಮೇಲಿನ ಜಗ್ಗನ್ನು ಎಲ್ಲರೂ ಎತ್ತಿಯೇ ಕುಡಿಯುತ್ತಿದ್ದೆವು. ನೀರು ಎಂದರೆ ಮೇಲಿನಿಂದ ಬರುವಂಥದ್ದು ಎಂದು ನನ್ನ ಕೈಗೆ ಗೊತ್ತು. ಬಾಯಿ ಇಡುವ ಸಂಗತಿಯನ್ನು ಅದು ನನ್ನನ್ನು ಕೇಳಲೇ ಇಲ್ಲ. ನೀರು ಬೀಳುತ್ತಿಲ್ಲವಲ್ಲ ಎಂದು ಅನಿಸಲಿಲ್ಲವೇ ಎಂದು ನೀವು ಕೇಳಬಹುದು. ಅನಿಸಿತ್ತು. ಪಾಠ ಹೇಳುವಾಗ ಮೇಷ್ಟ್ರು ನಿಜವಾಗಿ ಕುಡಿಯಬೇಕೆಂದೇನೂ ಇಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

"ಪುಟ್ಟಿಗೆ ಎಲ್ಲ ಬರ್ತದೆ. ನೀವು ಮೊದಲು ಕಲೀರಿ" ಎಂದಳು ವೀಣಾ. "ಬಾಯಿಗೆ ಇಟ್ಟು ಎಳೀರಿ. ಜೋರಾಗಿ. ನಾಚಿಕೆ ಮಾಡ್ಬೇಡಿ, ಇಲ್ಲಿ ಯಾರೂ ಇಲ್ಲ."

ಕಣ್ಣು ಮುಚ್ಚಿಕೊಂಡು ಮೊಲದ ಮೂತಿಯನ್ನು ತುಟಿಗಿಟ್ಟೆ. ಎಳೆದೆ. ಬರಲಿಲ್ಲ. "ಇನ್ನೂ ಜೋರು!" ಎಂದಳು. ಜೋರಾಗಿ ಎಳೆದೆ. ನೀರು ಒಮ್ಮೆಲೇ ನೆತ್ತಿಗೇರಿ, ಕೆಮ್ಮಿ, ಕಣ್ಣೆಲ್ಲ ಕೆಂಪಾಯಿತು. ಪುಟ್ಟಿಗೆ ಇದು ಬಹಳ ಹಿಡಿಸಿತು. ನನ್ನ ಕೈಯಿಂದ ಸಿಪ್ಪರನ್ನು ಕಿತ್ತುಕೊಂಡು, "ಏಯ್, ಎಂಜಲು, ತೊಳೆದು ಕೊಡ್ತೇನೆ" ಎಂದು ನಾನು ಅನ್ನುವುದರೊಳಗೆ ನೆಟ್ಟಗೆ ಬಾಯಿಗಿಟ್ಟುಕೊಂಡಳು. ಕೆನ್ನೆ ಒಳಕ್ಕೆ ಹೋಯಿತು. ಗಂಟಲು ಆಡಿತು. ಮೊಲದ ಹೊಟ್ಟೆಯಲ್ಲಿ ನೀರು ಇಳಿಯುತ್ತ ಬಂದದ್ದನ್ನು ನಾವಿಬ್ಬರೂ ಕ್ರಿಕೆಟ್ಟಿನ ಕೊನೆಯ ಓವರ್ ನೋಡುವವರ ಹಾಗೆ ನೋಡಿದೆವು. ಮುಗಿಸಿ ಅವಳು ನನ್ನ ಹಾಗೆಯೇ ಒಮ್ಮೆ ಕೆಮ್ಮಿದಳು, ಅದೂ ಕುಡಿಯುವುದರ ಒಂದು ಭಾಗ ಎಂದುಕೊಂಡು.

ವೀಣಾ ಎದ್ದು ಹೋಗಿ ಬ್ಯಾಗಿನ ಜಿಪ್ ತೆರೆದು ಬಟ್ಟೆಗಳನ್ನು ಕಪಾಟಿನಲ್ಲಿ ಇಟ್ಟಳು. ಸೋಮವಾರ ಅವಳೂ ಅಳಿಯನೂ ಇಬ್ಬರೇ ಲೋಕಲ್ ಹಿಡಿದರು.

ಆದರೆ ಪುಟ್ಟಿ ಕಲಿತದ್ದನ್ನು ಅರ್ಧಕ್ಕೆ ಬಿಡುವವಳಲ್ಲ. ಮೊದಲು ಅಜ್ಜ ಕುಡಿಯಬೇಕು, ಆಮೇಲೆ ತಾನು. ಇದು ಅವಳ ಕ್ರಮ. ನಾನು ಸುಮ್ಮನೆ ನಟಿಸಿದರೆ ನನ್ನ ಗಂಟಲನ್ನು ಮುಟ್ಟಿ ನೋಡುತ್ತಾಳೆ. ಮೊನ್ನೆ ಸಂಜೆ ನಮ್ಮ ಕಟ್ಟಡದ ಸೊಸೈಟಿಯ ಅಂಗಳದ ಬೆಂಚಿನ ಮೇಲೆ ಅವಳು ನನ್ನ ತೊಡೆಯೇರಿ ಕೂತು, ಎರಡೂ ಕಿವಿ ಹಿಡಿದು ಗುಲಾಬಿ ಮೊಲವನ್ನು ನನ್ನ ಬಾಯಿಗೆ ಒತ್ತಿ ನೀರು ಕುಡಿಸುತ್ತಿದ್ದಾಗ, ಕೆಳಮನೆಯ ಮರಾಠಿ ಯಜಮಾನರು ವಾಕಿಂಗ್ ನಿಲ್ಲಿಸಿ ಬಹಳ ಕನಿಕರದಿಂದ ವಿಚಾರಿಸಿದರು: "ಕಾಯ್ ಅಣ್ಣಾ, ಡಾಕ್ಟರಾಂನೀ ಸಾಂಗಿತಲಂ ಕಾ?" ಡಾಕ್ಟರು ಹೇಳಿದ್ದೇ ಎಂದು.

ಬಾಯಿ ತುಂಬ ನೀರಿತ್ತು. ಹೌದೆಂದು ತಲೆಯಾಡಿಸಿದೆ. ಆಮೇಲೆ ನುಂಗಿಕೊಂಡು, ಬಹಳ ಕಟ್ಟುನಿಟ್ಟಿನ ಡಾಕ್ಟರು, ದಿನವಿಡೀ ಪಕ್ಕದಲ್ಲೇ ಇರುತ್ತಾರೆ ಎಂದೆ.